ನಗರದ ಕೊಳಚೆ ನೀರಿನ ನೈಸರ್ಗಿಕ ಶುದ್ಧೀಕರಣ: ಕೊಲ್ಕತ್ತಾದ ಮೀನುಕೆರೆಗಳು

ದ್ರವ ತ್ಯಾಜ್ಯ ನಿರ್ವಹಣೆಯ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಮೊದಲು ಏಳುವುದು ಯಂತ್ರೋಪಕರಣ ಮತ್ತು ವಿದ್ಯುತ್ ಬಿಲ್ಲಿನ ಪ್ರಶ್ನೆ. ಯಂತ್ರಾಧಾರಿತ ಘಟಕಗಳಲ್ಲಿ ವಿದ್ಯುತ್ತಿನ ದೊಡ್ಡ ಪಾಲು ನೀರಿಗೆ ಗಾಳಿ ಊದುವುದಕ್ಕೇ ವ್ಯಯವಾಗುತ್ತದೆ. ಅದೇ ಕಾರ್ಯವನ್ನು ಪಾಚಿಯು ಬಿಸಿಲಿನ ಬಲದಿಂದ ನಿರ್ವಹಿಸುವುದನ್ನು ಕೊಲ್ಕತ್ತಾದ ಪೂರ್ವದಂಚಿನಲ್ಲಿ ಕಾಣಬಹುದು.

ಅಲ್ಲಿ ಸುಮಾರು 12,500 ಹೆಕ್ಟೇರ್ ಪ್ರದೇಶದಲ್ಲಿ ಮೀನುಕೆರೆಗಳು, ಭತ್ತದ ಗದ್ದೆಗಳು ಹಾಗೂ ತರಕಾರಿ ತೋಟಗಳು ಹರಡಿಕೊಂಡಿವೆ. ಮೀನುಕೆರೆಗೆ ಅಲ್ಲಿನವರು 'ಭೇರಿ' ಎನ್ನುತ್ತಾರೆ. ನಗರದ ಕೊಳಚೆಯು ಕಾಲುವೆಗಳ ಮೂಲಕ ಇಲ್ಲಿಗೆ ಬರುತ್ತದೆ. ಆಳ ಕಡಿಮೆಯಿರುವುದರಿಂದ ಬಿಸಿಲು ಕೆರೆಯ ತಳದವರೆಗೂ ತಲುಪುವ ಅವಕಾಶವಿದೆ. ಬ್ಯಾಕ್ಟೀರಿಯಾಗಳು ಮಲಿನಾಂಶವನ್ನು ಕೊಳೆಯಿಸಿ ಸಾರಜನಕ, ರಂಜಕಗಳನ್ನು ಬಿಡುಗಡೆ ಮಾಡುತ್ತವೆ. ಅವನ್ನು ಹೀರಿ ಬೆಳೆಯುವ ಪಾಚಿಯು ಹಗಲಿನಲ್ಲಿ ಆಮ್ಲಜನಕವನ್ನು ನೀಡುತ್ತದೆ. ಆ ಆಮ್ಲಜನಕವೇ ಬ್ಯಾಕ್ಟೀರಿಯಾಗಳಿಗೆ ಉಸಿರು. ಪಾಚಿ ಮಿತಿಮೀರದಂತೆ ಮೀನುಗಳು ಅದನ್ನು ಮೇಯುತ್ತವೆ. ಬಿಸಿಲು ಹಾಗೂ ಹಗಲಿನಲ್ಲಿ ಹೆಚ್ಚುವ ಕ್ಷಾರತೆಯು ರೋಗಾಣುಗಳನ್ನು ತಗ್ಗಿಸುತ್ತವೆ.

ಈ ವ್ಯವಸ್ಥೆ ತಾನಾಗಿಯೇ ನಡೆಯುತ್ತದೆಂದು ಭಾವಿಸಬಾರದು. ರಾತ್ರಿ ಪಾಚಿಯೂ ಆಮ್ಲಜನಕವನ್ನೇ ಬಳಸುವುದರಿಂದ ಬೆಳಗಿನ ಜಾವಕ್ಕೆ ಅದರ ಪ್ರಮಾಣ ಅತ್ಯಂತ ಕಡಿಮೆಯಾಗುತ್ತದೆ. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಕೊಳಚೆಯ ಒಳಹರಿವನ್ನು ತಡೆಯಬೇಕು. ನೀರಿನ ಬಣ್ಣ ಮತ್ತು ವಾಸನೆಯಿಂದಲೇ ಎಷ್ಟು ಬಿಡಬೇಕೆಂಬುದನ್ನು ನಿರ್ಣಯಿಸುವ ಮೀನುಗಾರರ ಅನುಭವವು ನಾವು ಕಾಲೇಜಿನಲ್ಲಿ ಕಲಿತ ಸೂತ್ರಗಳಿಗಿಂತ ಕಡಿಮೆಯದಲ್ಲ. ಕೆರೆಯನ್ನು ಬರಿದು ಮಾಡಿ, ಒಣಗಿಸಿ, ಸುಣ್ಣ ಹಾಕಿ ಮರಳಿ ಸಿದ್ಧಪಡಿಸುವುದೂ ಅವರದೇ ದುಡಿಮೆ.

ಈ ಜ್ಞಾನವನ್ನು ಲೋಕಕ್ಕೆ ಪರಿಚಯಿಸಿದವರು ಇಂಜಿನಿಯರ್ ಧ್ರುವಜ್ಯೋತಿ ಘೋಷ್. 1992ರಲ್ಲಿ ಕಲ್ಕತ್ತಾ ಹೈಕೋರ್ಟ್ ಇಲ್ಲಿನ ಭೂಬಳಕೆ ಬದಲಾವಣೆಗೆ ತಡೆಯೊಡ್ಡಿತು. 2002ರಲ್ಲಿ ಪ್ರದೇಶವು ರಾಮ್ಸರ್ ಪಟ್ಟಿಗೆ ಸೇರಿತು. 2006ರಲ್ಲಿ ಪಶ್ಚಿಮ ಬಂಗಾಳವು ಪ್ರತ್ಯೇಕ ಕಾಯ್ದೆ ರೂಪಿಸಿತು. ಆದರೂ ಬೆಳೆಯುತ್ತಿರುವ ನಗರದ ಒತ್ತಡ ನಿಂತಿಲ್ಲ. ಕೆರೆ ಮುಚ್ಚಿದರೆ ಮೀನುಗಾರರ ಜೀವನದ ಜೊತೆಗೆ ನಗರದ ಶುದ್ಧೀಕರಣ ವ್ಯವಸ್ಥೆಯೂ ಕುಸಿಯುತ್ತದೆ.

ಇದನ್ನು ನಮ್ಮ ಗ್ರಾಮಗಳಲ್ಲಿ ಯಥಾವತ್ತಾಗಿ ನಕಲು ಮಾಡಲಾಗದು. ಅಷ್ಟು ವಿಸ್ತಾರವಾದ ಸಮತಟ್ಟು ಭೂಮಿಯಾಗಲಿ, ತಲೆಮಾರುಗಳ ಅನುಭವವಾಗಲಿ ನಮ್ಮಲ್ಲಿಲ್ಲ. ಕೊಳಚೆಯಲ್ಲಿ ಮೀನು ಸಾಕುವ ಸಾಹಸವೂ ಬೇಡ. ಆದರೆ ಚರಂಡಿಯ ಕೊನೆಯಲ್ಲಿ ಬೂದು ನೀರಿನ ಕೊಳ ಯೋಜಿಸುವ ಪಂಚಾಯಿತಿಗಳು ಅದರ ಮೇಲೆ ಬಿಸಿಲು ಬೀಳುವಂತೆಯೂ ಗ್ಯಾರೇಜಿನ ಎಣ್ಣೆ, ಬಣ್ಣ ಹಾಕುವ ಘಟಕಗಳ ರಾಸಾಯನಿಕ ಸೇರದಂತೆಯೂ ನೋಡಿಕೊಳ್ಳತಕ್ಕದ್ದು. ಏಕೆಂದರೆ ಲೋಹ ಮತ್ತು ವಿಷವನ್ನು ಬ್ಯಾಕ್ಟೀರಿಯಾಗಳು ಕೊಳೆಯಿಸಲಾರವು. ಬದಲಿಗೆ ಅವೇ ಸಾಯುತ್ತವೆ. ಹೂಳೆತ್ತುವ ವೆಚ್ಚವನ್ನು ಮೊದಲ ಅಂದಾಜು ಪಟ್ಟಿಯಲ್ಲಿಯೇ ಸೇರಿಸುವುದು.