ಮರೆವೆಲ್ಲ ವಯಸ್ಸಿನದಲ್ಲ



ನಾನು ಮುಂಬಯಿಯ ಉಪನಗರದ ಶಾಖೆಯೊಂದರಲ್ಲಿದ್ದಾಗ ತಿಂಗಳ ಮೊದಲ ದಿನವೇ ಪಿಂಚಣಿಗೆ ಬರುತ್ತಿದ್ದ ಹಿರಿಯರೊಬ್ಬರಿದ್ದರು. ದಕ್ಷಿಣ ಕನ್ನಡದವರು, ಲೆಕ್ಕದಲ್ಲಿ ನಮಗಿಂತ ಚುರುಕು. ಒಂದು ದಿನ ಬೆಳಿಗ್ಗೆ ಹಣ ಪಡೆದು ಹೋದವರು ಮಧ್ಯಾಹ್ನ ಮತ್ತೆ ಬಂದು, “ನನ್ನ ದುಡ್ಡು ಇನ್ನೂ ಕೊಟ್ಟಿಲ್ಲವಲ್ಲ ಮಾರಾಯ್ರೆ” ಎಂದರು. ಪಾಸ್‌ಬುಕ್ ತೋರಿಸಿದರೂ ನಂಬಲಿಲ್ಲ. ಕೆಲವು ತಿಂಗಳಲ್ಲಿ ಸಹಿಯೂ ತಾಳೆಯಾಗದಾಯಿತು. ನಾನು ಹೊಸ ಮಾದರಿ ಸಹಿ ಪಡೆದು ಫೈಲು ಮುಚ್ಚಿದೆ. ಮನೆಯವರಿಗೆ ಒಂದು ಮಾತು ತಿಳಿಸಬೇಕೆಂದು ಹೊಳೆಯಲೇ ಇಲ್ಲ. ಅದು ಡಿಮೆನ್ಷಿಯಾದ ಆರಂಭವಾಗಿತ್ತೆಂದು ಅವರ ಮಗನಿಂದ ತಿಳಿದದ್ದು ಎರಡು ವರ್ಷಗಳ ನಂತರ.

ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ನಮ್ಮ ವಯಸ್ಸಿಗೆ ಸಹಜ (ನನಗೂ ಇದೆ, ನಮ್ಮ ಮನೆಯವರನ್ನು ಕೇಳಿ). ಆದರೆ ಚಿಲ್ಲರೆ ಎಣಿಸುವುದು, ಪರಿಚಿತ ದಾರಿಯಲ್ಲಿ ಮನೆಗೆ ಮರಳುವುದು, ಹೀಗೆ ದಿನನಿತ್ಯದ ಕೆಲಸವೇ ತಪ್ಪತೊಡಗಿದರೆ ವೈದ್ಯರನ್ನು ಕಾಣಬೇಕು. ಬಿ-12 ಕೊರತೆ, ಥೈರಾಯ್ಡ್ ತೊಂದರೆ, ಮನೋಖಿನ್ನತೆಗಳಿಂದಲೂ ಇಂಥದೇ ಮರೆವು ಬರಬಹುದು. ಬೇಗ ಚಿಕಿತ್ಸೆ ಸಿಕ್ಕರೆ ಸುಧಾರಿಸುವುದುಂಟು. ಆಲ್‌ಝೈಮರ್ ಹಾಗಲ್ಲ, ಅದನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ.

2024ರ ಲ್ಯಾನ್ಸೆಟ್ ಆಯೋಗದ ವರದಿಯಂತೆ, ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಸರಿಪಡಿಸಿದರೆ ಸುಮಾರು ಶೇ. 45ರಷ್ಟು ಡಿಮೆನ್ಷಿಯಾವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯ. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ ಎಲ್ಲರಿಗೂ ಗೊತ್ತಿರುವಂಥವು. ನನಗೆ ಹೊಸದೆನಿಸಿದ್ದು ಕಿವಿ. ಕಿವಿ ಕೇಳದವರು ಮಾತುಕತೆಯಿಂದ ದೂರ ಸರಿಯುತ್ತಾರೆ, ಮಿದುಳಿಗೂ ಕೆಲಸ ಕಡಿಮೆಯಾಗುತ್ತದೆ. ಪದಬಂಧ ಬಿಡಿಸುವವರು ಒಮ್ಮೆ ಕಿವಿಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.

ಬ್ಯಾಂಕಿನವನಾಗಿ ಇನ್ನೊಂದು ಮಾತು. ಪವರ್ ಆಫ್ ಅಟಾರ್ನಿ ಇದೆಯೆಂದು ನಿಶ್ಚಿಂತರಾಗಬೇಡಿ. ಬರೆದುಕೊಟ್ಟವರು ಸ್ವಸ್ಥಬುದ್ಧಿ ಕಳೆದುಕೊಂಡರೆ 1872ರ ಕರಾರು ಕಾಯ್ದೆಯ 201ನೇ ಕಲಮಿನಂತೆ ಅದೂ ಮುಗಿಯುತ್ತದೆ. ಅತಿ ಅಗತ್ಯವಾದ ಹೊತ್ತಿಗೇ ಅದು ಕೆಲಸಕ್ಕೆ ಬರುವುದಿಲ್ಲ! ಜಂಟಿ ಖಾತೆ, ನಾಮನಿರ್ದೇಶನ, ಉಯಿಲು ಇವನ್ನೆಲ್ಲ ಆರೋಗ್ಯವಿರುವಾಗಲೇ ಮುಗಿಸಿಡಿ.

ಕಾಯಿಲೆ ಬಲಿತಂತೆ, ಇಲ್ಲಿಗೆ ಬಂದ ಮೇಲೆ ಕಲಿತ ಹಿಂದಿ, ಮರಾಠಿ ಜಾರಿಹೋಗಿ ತಾಯ್ನುಡಿಯಷ್ಟೇ ಉಳಿಯುವುದುಂಟು. ಆಗ ಆಸ್ಪತ್ರೆಯಲ್ಲಿ ಡಾಕ್ಟರು ಹಿಂದಿಯಲ್ಲಿ ಕೇಳಿದರೆ ರೋಗಿ ಸುಮ್ಮನೆ ಕೂರುತ್ತಾರೆ. ಸಂಘದ ವೈದ್ಯಕೀಯ ನೆರವು ನಿಧಿಗೆ ನೀವು ಕೊಡುವ ದೇಣಿಗೆ ರಕ್ತಪರೀಕ್ಷೆ, ಶ್ರವಣಯಂತ್ರಗಳಿಗೆ ಬೇಕಾಗಿದೆ. ಜೊತೆಗೆ, ಇಂಥವರೊಡನೆ ಆಸ್ಪತ್ರೆಗೆ ಹೋಗಿ ಬರಲು ಕನ್ನಡ, ತುಳು ಬಲ್ಲವರ ಅರ್ಧ ದಿನವೂ ಬೇಕು. ನನ್ನ ಹೆಸರು ಕೊಟ್ಟಿದ್ದೇನೆ. ನಿಮ್ಮದನ್ನೂ ಸಂಘದ ಕಚೇರಿಯಲ್ಲಿ ಬರೆಸಿ.