ಬುಗುರಿಯೂ ಪುಟ್ಟ ಕಾರೂ
ಗುಂಡ್ಲುಪೇಟೆಯ ಹುಡುಗರಾಗಿದ್ದ ನಮಗೆ ಆಷಾಢವೆಂದರೆ ಚಾಮರಾಜನಗರದ ತೇರು. ತೇರೆಂದರೆ ಆಟಿಕೆಯ ಅಂಗಡಿ. ಅಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಗೂ ಪುಟ್ಟ ಕಾರುಗಳಿಗೂ ಪೈಪೋಟಿ. ಹಾಲೆಮರದ ಬುಗುರಿ ಎಷ್ಟು ಗುನ್ನ ತಿಂದರೂ ಮುಂದಿನ ತೇರಿನವರೆಗೆ ತಿರುಗುತ್ತಿತ್ತು. ವ್ಯಾಪಾರಕ್ಕೆ ಅದೇ ಮುಳುವಾಯಿತೆನ್ನಬೇಕು! 1953ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮ್ಯಾಚ್‌ಬಾಕ್ಸ್, 1968ರಲ್ಲಿ ಅಮೆರಿಕದಿಂದ ಬಂದ ಹಾಟ್ ವೀಲ್ಸ್ ಇವುಗಳ ಜಾಣ್ಮೆಯೇ ಬೇರೆ. ಒಂದು ಕಾರು ಕೈಸೇರಿದೊಡನೆ ಇನ್ನೊಂದರ ಆಸೆ ಹುಟ್ಟುತ್ತದೆ. ಗೆಳೆಯನಲ್ಲಿ ಹತ್ತಿದ್ದರೆ ನಮ್ಮದೊಂದು ಇದ್ದೂ ಇಲ್ಲದಂತೆ. ಬುಗುರಿ ಸೋತದ್ದು ಕುಂದಿನಿಂದಲ್ಲ, ಒಂದೇ ಸಾಕೆನಿಸುವ ಗುಣದಿಂದ. ಗೆದ್ದವರೊಳಗೂ ಕಾಳಗ ತಪ್ಪಲಿಲ್ಲ: ಮ್ಯಾಚ್‌ಬಾಕ್ಸಿನ ಒಡೆಯರಾದ ಲೆಸ್ನಿ ಕಂಪೆನಿ 1982ರಲ್ಲಿ ದಿವಾಳಿಯೆದ್ದಿತು; 1997ರಲ್ಲಿ ಆ ಹೆಸರು ಹಾಟ್ ವೀಲ್ಸಿನ ಮ್ಯಾಟೆಲ್ ಪಾಲಾಯಿತು. ನನ್ನ ಕಾರುಗಳು ಚಕ್ರ ಕಳಚಿ ಎಂದೋ ಗುಜರಿ ಸೇರಿದವು. ಬುಗುರಿ ಮೇಜಿನ ಮೇಲಿದೆ. ಚಾಟಿ ಮಾತ್ರ ಕಳೆದಿದೆ.