ಕುಕ್ಕರ್ ಕೂಗಿದಾಗ ಕಿವಿ ಮುಚ್ಚುವ ಮಗು

ಬೆಳಗಿನ ಹನ್ನೊಂದೂವರೆ. ಅಂಗನವಾಡಿಯ ಮೂಲೆಯಲ್ಲಿ ಆಯಾ ಬೇಳೆಗಿಟ್ಟ ಕುಕ್ಕರ್ ಮೊದಲ ಕೂಗು ಹಾಕುತ್ತದೆ. ಹೆಚ್ಚಿನ ಮಕ್ಕಳು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಆಟಕ್ಕೆ ಇಳಿಯುತ್ತಾರೆ. ಒಬ್ಬಳು ಮಾತ್ರ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಿನತ್ತ ಓಡುತ್ತಾಳೆ. ಗೋಡೆಗೊರಗಿ ಕೂತ ಹುಡುಗ ಕದಲುವುದೂ ಇಲ್ಲ. ಇನ್ನೊಬ್ಬ ಅದೇ ಕೂಗನ್ನು ತಾನೂ ಕೂಗುತ್ತ ಗಿರಗಿರನೆ ತಿರುಗತೊಡಗುತ್ತಾನೆ.

ಮೊದಲನೆಯವಳು ಅಂಜುಬುರುಕಿ, ಎರಡನೆಯವನು ಮಂಕ, ಮೂರನೆಯವನು ಕೋತಿ: ದೊಡ್ಡವರ ತೀರ್ಪು ಸಾಮಾನ್ಯವಾಗಿ ಇಷ್ಟರಲ್ಲೇ ಮುಗಿಯುತ್ತದೆ. ಆದರೆ ಒಂದೇ ಸದ್ದು ಮೂವರ ನರಮಂಡಲಕ್ಕೆ ಮೂರು ಬಗೆಯಲ್ಲಿ ತಲುಪಿರಬಹುದು. ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್ ವಿನ್ನಿ ಡನ್ 1997ರಲ್ಲಿ ಮುಂದಿಟ್ಟ ಮಾದರಿ ಹೇಳುವುದೂ ಇದನ್ನೇ. ಕೆಲವು ಮಕ್ಕಳಿಗೆ ಸಣ್ಣ ಪ್ರಚೋದನೆಯೇ ಸಾಕು, ಕೆಲವರಿಗೆ ತುಂಬಾ ಬೇಕು. ಹಾಗೆ ಬೇಕಾದವರಲ್ಲಿ ಕೆಲವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ, ಕೆಲವರು ಸುಮ್ಮನಿರುತ್ತಾರೆ. ಸುಮ್ಮನಿರುವ ಮಗುವಿನ ವಿಷಯದಲ್ಲಿ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಅದು ಗಮನದ ಕೊರತೆಯಲ್ಲ, ಶ್ರವಣದೋಷವೇ ಇರಬಹುದು.

ಇಂದ್ರಿಯಗಳು ಐದೇ ಎಂದು ಶಾಲೆಯಲ್ಲಿ ಕಲಿತದ್ದು ಮಕ್ಕಳನ್ನು ಅರಿಯಲು ಸಾಲದು. ಕೇಳಿಸಿಕೊಳ್ಳುವ ಕಾಕ್ಲಿಯಾದ ಪಕ್ಕದಲ್ಲೇ, ಒಳಕಿವಿಯಲ್ಲಿ, ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ. ತಲೆ ತಿರುಗಿದಾಗ ದ್ರವ ಒಂದು ಕ್ಷಣ ಹಿಂದೆ ಬೀಳುತ್ತದೆ, ಅಲ್ಲಿನ ರೋಮಕೋಶಗಳು ಬಾಗುತ್ತವೆ, ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಆ ನಾಳಗಳ ಬುಡದ ಎರಡು ಪುಟ್ಟ ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸೂಕ್ಷ್ಮ ಹರಳುಗಳಿದ್ದು, ಮೇಲಾವುದು ಕೆಳಗಾವುದು ಎಂದು ತಿಳಿಸುತ್ತವೆ. ಸ್ನಾಯು, ಕೀಲುಗಳಿಂದ ಬರುವ ಇನ್ನೊಂದು ಸುದ್ದಿ ಕೈಕಾಲು ಎಲ್ಲಿವೆ, ಎಷ್ಟು ಬಲ ಹಾಕಿವೆ ಎಂಬುದರದು. ಬ್ರಿಟಿಷ್ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಇದನ್ನು ಪ್ರೊಪ್ರಿಯೊಸೆಪ್ಶನ್ ಎಂದು ಕರೆದರು. ಹಸಿವು, ಮೂತ್ರದ ಒತ್ತಡದಂಥ ಒಳಗಿನ ಸೂಚನೆಗಳದು ಮತ್ತೊಂದು ಲೋಕ. ಆಟದಲ್ಲಿ ಮುಳುಗಿ ಚಡ್ಡಿ ಒದ್ದೆ ಮಾಡಿಕೊಂಡ ಮಗುವಿಗೆ ಆ ಸೂಚನೆ ತಡವಾಗಿ ಮುಟ್ಟಿರಬಹುದು. ಬೈದರೆ ಅದು ಬೇಗ ಮುಟ್ಟುವುದಿಲ್ಲ.

ಈ ಸುದ್ದಿಗಳನ್ನೆಲ್ಲ ಮಿದುಳು ಹೇಗೆ ಹೆಣೆಯುತ್ತದೆ ಎಂಬ ಪ್ರಶ್ನೆಯನ್ನು ಮಕ್ಕಳ ಕಲಿಕೆಗೆ ಜೋಡಿಸಿದವರು ಕ್ಯಾಲಿಫೋರ್ನಿಯಾದ ಎ. ಜೀನ್ ಏರ್ಸ್. 1972ರಲ್ಲಿ ಬಂದ ಅವರ ಪುಸ್ತಕದಿಂದ ‘ಸೆನ್ಸರಿ ಇಂಟಿಗ್ರೇಶನ್’ ಎಂಬ ಮಾತು ಹರಡಿತು. ಉಯ್ಯಾಲೆ, ಜಾರುಹಲಗೆಗಳನ್ನು ಅವರು ಚಿಕಿತ್ಸೆಯ ಸಾಧನಗಳಾಗಿ ಬಳಸಿದರು.

ನಮ್ಮ ಅಂಗಳಗಳಲ್ಲೂ ಇಂಥ ಆಟಗಳಿಗೆ ಬರವಿರಲಿಲ್ಲ. ಉಪ್ಪುಮೂಟೆಯನ್ನೇ ನೋಡಿ. ಬೆನ್ನ ಮೇಲಿನ ಮಗುವಿಗೆ ತೂಗಾಟ ಸಿಗುತ್ತದೆ, ಬಿಗಿಯಾದ ಅಪ್ಪುಗೆಯೂ ಸಿಗುತ್ತದೆ. ಹೊತ್ತವರ ಬೆನ್ನು, ಮೊಣಕಾಲುಗಳಿಗೆ ಭಾರದ ಅರಿವಾಗುತ್ತದೆ. ಕುಂಟೆಬಿಲ್ಲೆಯಲ್ಲಿ ಸಮತೋಲ, ಚಪಾತಿ ಹಿಟ್ಟು ನಾದುವುದರಲ್ಲಿ ಬೆರಳಿನ ಬಲ, ಬಕೆಟ್ ಹಿಡಿದು ಗಿಡಕ್ಕೆ ನೀರು ಹಾಕುವುದರಲ್ಲಿ ತೋಳಿನ ಕೆಲಸ. ಕೂತಲ್ಲಿ ಕೂರದ ಮಗುವಿಗೆ ‘ಸುಮ್ಮನೆ ಕೂತ್ಕೋ’ ಎಂದು ಹತ್ತು ಸಲ ಹೇಳುವ ಬದಲು, ಚಾಪೆ ಸುತ್ತಿ ಒಳಗಿಡುವ ಕೆಲಸ ಒಪ್ಪಿಸಿ ನೋಡುವುದು ಒಳ್ಳೆಯದು.

ಬಿಗಿಯಾದ ಒತ್ತಡ ಕೆಲವರಿಗೆ ಎಷ್ಟು ಹಿತ ಎಂಬುದಕ್ಕೆ ಆಟಿಸಂ ಇರುವ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರ ಬದುಕೇ ಸಾಕ್ಷಿ. ಚುಚ್ಚುಮದ್ದಿಗಾಗಿ ದನಗಳನ್ನು ಎರಡೂ ಕಡೆಯಿಂದ ಅದುಮಿ ನಿಲ್ಲಿಸುವ ಚೌಕಟ್ಟಿನಲ್ಲಿ ಅವು ಶಾಂತವಾಗುವುದನ್ನು ಅವರು ಹದಿಹರೆಯದಲ್ಲಿ ಕಂಡರು. ಅಂಥದ್ದನ್ನೇ ತಮಗಾಗಿ ಕಟ್ಟಿಕೊಂಡರು. ಆದರೆ ಒತ್ತಡ ಎಷ್ಟಿರಬೇಕು, ಯಾವಾಗ ನಿಲ್ಲಬೇಕು ಎಂಬ ಹಿಡಿತ ಅವರ ಕೈಯಲ್ಲೇ ಇತ್ತು. ಅಳುವ ಮಗುವನ್ನು ಅದಕ್ಕೆ ಬೇಡವಾದಾಗ ಬಾಚಿ ತಬ್ಬುವವರು ಈ ವಿವರವನ್ನು ಮರೆಯಬಾರದು.

ಇನ್ನು ಕೋಣೆಯ ವಿಚಾರ. ಅಂಗನವಾಡಿಗಳನ್ನು ನಡೆಸುವ, 1975ರ ಅಕ್ಟೋಬರ್ 2ರಂದು ಆರಂಭವಾದ ಐಸಿಡಿಎಸ್ ಯೋಜನೆ ಕರ್ನಾಟಕದಲ್ಲಿ ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ 60 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಹಲವು ಕಡೆ ಪಾಠ, ಅಡುಗೆ, ನಿದ್ದೆ ಎಲ್ಲವೂ ಒಂದೇ ಸೂರಿನಡಿ. ತರಗತಿಯ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ. ಎದುರುಬದುರು ನಿಂತು ಆಡುವ ಸಾಧಾರಣ ಮಾತೇ ಸುಮಾರು 60 ಡೆಸಿಬಲ್. ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ಒಳಗೆ ಕೂತ ಮೂರು ವರ್ಷದ ಮಗುವನ್ನು ನೆನೆದರೆ ಸಂಕಟವಾಗುತ್ತದೆ.

ಗೋಡೆಗಳೂ ಗದ್ದಲ ಮಾಡುತ್ತವೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಶಿಶುವಿಹಾರದ ಮಕ್ಕಳಿಗೆ ಆರು ವಿಜ್ಞಾನ ಪಾಠಗಳನ್ನು ಹೇಳಿಕೊಟ್ಟರು. ಮೂರು ಪಾಠ ಚಿತ್ರಪಟಗಳಿಂದ ತುಂಬಿದ ಕೋಣೆಯಲ್ಲಿ, ಮೂರು ಬರಿಗೋಡೆಯ ಕೋಣೆಯಲ್ಲಿ. ತುಂಬಿದ ಕೋಣೆಯಲ್ಲಿ ಮಕ್ಕಳ ಗಮನ ಶೇ. 38.6ರಷ್ಟು ಸಮಯ ಪಾಠದಿಂದಾಚೆ ಹೋಯಿತು; ಬರಿಗೋಡೆಯಲ್ಲಿ ಶೇ. 28.4. ಸರಿಯುತ್ತರಗಳು ಕ್ರಮವಾಗಿ ಶೇ. 42 ಮತ್ತು 55. ಮಕ್ಕಳ ಸಂಖ್ಯೆ ಸಣ್ಣದು, ನಿಜ. ಹಾಗಿದ್ದರೂ ನೆಲದಿಂದ ಸೂರಿನವರೆಗೆ ಹಣ್ಣು, ಪ್ರಾಣಿ, ಅಂಕಿ, ಅಕ್ಷರ ಬರೆಸುವ ಮುನ್ನ ಒಂದು ಗೋಡೆಯನ್ನಾದರೂ ಖಾಲಿ ಬಿಡಲು ಇಷ್ಟು ಕಾರಣ ಸಾಕು.

ಊಟದಲ್ಲೂ ಇದೇ ಸೂಕ್ಷ್ಮ. ಮೆತ್ತನೆಯ ಉಪ್ಪಿಟ್ಟಿನ ನಡುವೆ ನಾಲಿಗೆಗೆ ಸಿಕ್ಕ ಟೊಮೆಟೊ ಸಿಪ್ಪೆಯೊಂದರಿಂದಲೇ ಕೆಲವು ಮಕ್ಕಳಿಗೆ ವಾಂತಿ ಬರುವಂತಾಗುತ್ತದೆ. ಬಾಯಿಗೆ ತುರುಕದೆ, ತಟ್ಟೆಯ ಅಂಚಿನಲ್ಲಿ ಚೂರು ಇಟ್ಟು, ಮುಟ್ಟಲು ಮೂಸಲು ಬಿಟ್ಟು, ದಿನವೂ ಕಾಯಬೇಕಾಗುತ್ತದೆ.

ಈ ಕ್ಷೇತ್ರದಲ್ಲಿ ಮಾರಾಟದ ಮಾತೂ ಬಹಳ. ಆಟಿಸಂ ಇರುವ 67 ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ಭಾರದ ಹೊದಿಕೆಯನ್ನು ಪರೀಕ್ಷಿಸಿದಾಗ ನಿದ್ದೆ ಸುಧಾರಿಸಲಿಲ್ಲ. ಮಕ್ಕಳಿಗೆ ಹೊದಿಕೆ ಇಷ್ಟವಾಯಿತು, ಅಷ್ಟೇ. ಅಲ್ಲೇ 138 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೆನ್ಸರಿ ಇಂಟಿಗ್ರೇಶನ್ ಥೆರಪಿಯಿಂದ ಎದ್ದುಕಾಣುವ ಲಾಭ ಸಿಗಲಿಲ್ಲ. ಸಾಲ ಮಾಡಿ ದುಬಾರಿ ಥೆರಪಿಗೆ ಓಡುವ ಹೆತ್ತವರಿಗೆ ಇದನ್ನು ಯಾರಾದರೂ ಹೇಳಬೇಕು. ಹಾಗೆಂದು ಮಗುವಿನ ಕಷ್ಟವೇನೂ ಸುಳ್ಳಲ್ಲ. ಮಾತು ತಡವಾಗಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ ಮಕ್ಕಳ ವೈದ್ಯರ ಬಳಿ ಹೋಗುವುದನ್ನು ಮುಂದೂಡಬಾರದು. ಕಿವಿ, ಮಾತಿನ ತಪಾಸಣೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ, ಮಕ್ಕಳ ಮನೋವೈದ್ಯರ ಸಲಹೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಕಿವಿ ಮುಚ್ಚಿ ಓಡಿದ ಹುಡುಗಿಯ ವಿಷಯಕ್ಕೆ ಬಂದರೆ, ಅವಳಿಗಾಗಿ ಟೀಚರ್ ಏನನ್ನೂ ಕೊಳ್ಳಬೇಕಿಲ್ಲ. ಹಠಾತ್ತನೆ ಬಂದೆರಗುವ ಸದ್ದಿಗಿಂತ ಮೊದಲೇ ಗೊತ್ತಿರುವ ಸದ್ದನ್ನು ತಾಳಿಕೊಳ್ಳುವುದು ಸುಲಭ. ಒಲೆ ಹಚ್ಚಿದ ಮೇಲೆ ಆಯಾ ಒಮ್ಮೆ ಅವಳತ್ತ ತಿರುಗಿ, ‘ಪುಟ್ಟಿ, ಇನ್ನೇನು ಕುಕ್ಕರ್ ಕೂಗುತ್ತೆ ನೋಡು, ಮೂರೇ ಸಲ’ ಎಂದರೆ, ಹುಡುಗಿ ಅಂಗಳದ ಬೇವಿನ ಮರದಡಿ ಹೋಗಿ ನಿಂತು ಬೆರಳು ಮಡಚುತ್ತ ಎಣಿಸಬಹುದು.